ಬೇಡ ಬೇಡ ಅಂದುಕೊಂಡ ಕಡೆಗೇ ಗಾಡಿ ಹೋಗುತ್ತದೆ: ತಿರುವಿನಲ್ಲಿ ಕಣ್ಣು ಎಲ್ಲಿರಬೇಕು?

ಕೇಳಿದವರು, ಬೆಂಗಳೂರಿನಿಂದ:
ಹತ್ತು ವರ್ಷ ಸ್ಕೂಟರ್ ಓಡಿಸಿದ್ದೇನೆ. ಎರಡು ತಿಂಗಳ ಹಿಂದೆ 350 ಸಿಸಿ ಬೈಕ್ ತಗೊಂಡೆ. ಹೋದ ವಾರ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಒಂದು ಬಲ ತಿರುವಿನಲ್ಲಿ ಗಾಡಿ ತಿರುಗಲೇ ಇಲ್ಲ. ನೆಟ್ಟಗೆ ತಡೆಗೋಡೆ ಕಡೆಗೇ ಹೋಯಿತು. ವೇಗ ಬರೀ 35 ಇತ್ತು. ಬ್ರೇಕ್ ಹಿಡಿದುಕೊಂಡೇ ಹೋಗಿ, ಗೋಡೆ ಒಂದು ಗೇಣು ಇದ್ದಾಗ ನಿಂತೆ. ಗೋಡೆ ಮೇಲೆ ಯಾರೋ ಬಿಟ್ಟು ಹೋದ ಕಾಗದದ ಟೀ ಲೋಟ ಇತ್ತು. ಅದರ ಅಂಚು ಕಚ್ಚಿ ಚಪ್ಪಟೆ ಮಾಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೀಗೆ ಕಣ್ಣು ನೆಟ್ಟ ಕಡೆಗೇ ಗಾಡಿ ಹೋಗುವುದಕ್ಕೆ ಟಾರ್ಗೆಟ್ ಫಿಕ್ಸೇಶನ್ ಅನ್ನುತ್ತಾರಂತೆ. "ಹೋಗಬೇಕಾದ ಕಡೆ ನೋಡು" ಅಂತ ಎಲ್ಲರೂ ಹೇಳುತ್ತಾರೆ. ಕಣ್ಣು ಕಿತ್ತುಕೊಂಡು ಬರೋದೇ ಇಲ್ಲವಲ್ಲ, ಅದಕ್ಕೇನು ಮಾಡೋದು?

ಉಜಿರೆಯಿಂದ:
ಮಾರಾಯ್ರೆ, ಲೋಟದ ಅಂಚು ಕಂಡಿದೆ, ರಸ್ತೆ ಕಂಡಿಲ್ಲ. ಕಾಯಿಲೆ ಏನು ಅಂತ ನೀವೇ ಹೇಳಿಬಿಟ್ಟಿರಿ.

ನಾನು ಆ ಘಾಟಿಯಲ್ಲಿ ಹದಿನೆಂಟು ವರ್ಷದಿಂದ ಹತ್ತಿ ಇಳಿಯುತ್ತಿದ್ದೇನೆ. ನನಗೂ ಆಗಿದೆ, ಅದೂ ನಿಂತಿದ್ದ ಜಲ್ಲಿ ರಾಶಿಗೆ ಹೋಗಿ ಗುದ್ದಿದ್ದೆ. ಅಷ್ಟು ಅಗಲ ರಸ್ತೆ ಖಾಲಿ ಇತ್ತು, ಆದರೂ ಜಲ್ಲಿಗೇ ಹೋದೆ. ಹೆದರಿದಾಗ ಕಣ್ಣು ಹೆದರಿಸಿದ್ದನ್ನೇ ಹಿಡಿದುಕೊಳ್ಳುತ್ತದೆ. ತಲೆ ಆ ಕಡೆ ನಿಂತರೆ ಭುಜ, ಕೈ ಎಲ್ಲ ಅದರ ಹಿಂದೆಯೇ ಗಟ್ಟಿಯಾಗುತ್ತವೆ. ಆಮೇಲೆ ಹ್ಯಾಂಡಲ್ ತಿರುಗಿಸುವವರು ಯಾರು?

ಕಣ್ಣು ತಿರುಗಿಸಲು ಹೋಗಬೇಡಿ. ಗದ್ದ ತಿರುಗಿಸಿ. ಹೆಲ್ಮೆಟ್ಟಿನ ಬಾಯಿ ಎಲ್ಲಿಗೆ ಮುಖ ಮಾಡಿದೆಯೋ ಕಣ್ಣು ಅಲ್ಲಿಗೆ ಬಂದೇ ಬರುತ್ತದೆ. ಹೇರ್‌ಪಿನ್ ತಿರುವಿನಲ್ಲಂತೂ ಪಕ್ಕದ ಮನೆಯವರು ಕರೆದರೆ ಹೊರಳಿ ನೋಡುತ್ತೇವಲ್ಲ, ಅಷ್ಟು ತಿರುಗಬೇಕು. ಮೊದಲ ದಿನ ಕುತ್ತಿಗೆ ನೋಯುತ್ತದೆ. ಅದರ ಜೊತೆಗೆ ಬಲಕ್ಕೆ ಹೋಗಬೇಕಾದರೆ ಹ್ಯಾಂಡಲ್ಲಿನ ಬಲ ತುದಿಯನ್ನು ಮುಂದಕ್ಕೆ ತಳ್ಳಿ. ಕೇಳಲು ಉಲ್ಟಾ ಅನ್ನಿಸುತ್ತದೆ, ಆದರೆ 35ರಲ್ಲಿ ಬೈಕ್ ಬಲಕ್ಕೆ ವಾಲುವುದೇ ಹಾಗೆ. ಕೈ ಬಿಗಿ ಹಿಡಿದರೆ ಇದು ಆಗುವುದಿಲ್ಲ.

ಇನ್ನು ಎಲ್ಲಿ ನೋಡಬೇಕು ಅಂದರೆ, ರಸ್ತೆಯ ಎಡ ಅಂಚು, ಬಲ ಅಂಚು ಮುಂದೆ ಎಲ್ಲೋ ಒಂದಾದ ಹಾಗೆ ಕಾಣುತ್ತವಲ್ಲ, ಆ ಜಾಗ. ನೀವು ಹೋದ ಹಾಗೆ ಅದು ದೂರ ಸರಿದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ನಿಮ್ಮ ಹತ್ತಿರ ಬರುತ್ತಿದ್ದರೆ ತಿರುವು ಇನ್ನೂ ಬಿಗಿಯಾಗುತ್ತಿದೆ, ವೇಗ ಇಳಿಸಿ. ಮಳೆಗಾಲದಲ್ಲಿ ಮಂಜು ಕವಿದರೆ ಆ ಜಾಗ ಹತ್ತು ಮೀಟರಿಗೆ ಬರುತ್ತದೆ. ಆಗ ಎಡದ ಬಿಳಿ ಗೆರೆ ಹಿಡಿದು ಮೆಲ್ಲ ಹೋಗುವುದು, ಬೇರೆ ವಿದ್ಯೆ ಏನೂ ಇಲ್ಲ. ಅಂಚಿನ ಪಾಚಿ ಮೇಲೆ ಮಾತ್ರ ಚಕ್ರ ಇಡಬೇಡಿ.

ಶಿವಮೊಗ್ಗದಿಂದ:
ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಹೆದರಿಕೆ ಹುಟ್ಟಿದ ಮೇಲೆ ಗದ್ದ ತಿರುಗಿಸುವುದು ಯಾರಿಗೂ ನೆನಪಾಗುವುದಿಲ್ಲ. 35ರಲ್ಲಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 10 ಮೀಟರ್ ಹೋಗಿರುತ್ತೀರಿ. "ಗೋಡೆ ಬಂತು" ಅಂದುಕೊಳ್ಳುವಷ್ಟರಲ್ಲಿ ಮುಗಿಯಿತು. ಹಾಗಾಗಿ ಬ್ರೇಕ್, ಗೇರ್ ಎಲ್ಲ ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗಲೇ ಮುಗಿಸಬೇಕು. ಬ್ರೇಕ್ ಕೆಲಸ ಉಳಿದಿಲ್ಲ ಅಂದರೆ ಕಣ್ಣಿಗೆ ಬಿಡುವು ಸಿಗುತ್ತದೆ. ವಾಲಿದ ಗಾಡಿಗೆ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಅದು ಎದ್ದು ನೆಟ್ಟಗೆ ಹೋಗಲು ನೋಡುತ್ತದೆ. ನಿಮಗೆ ಆಗಿದ್ದು ಅರ್ಧ ಅದೇ ಅನ್ನಿಸುತ್ತದೆ. 125 ಸಿಸಿ ದಾಟಿದ ಹೊಸ ಗಾಡಿಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ, ನಿಮ್ಮದರಲ್ಲೂ ಇರುತ್ತದೆ. ಚಕ್ರ ಲಾಕ್ ಆಗದ ಹಾಗೆ ಅದು ನೋಡಿಕೊಳ್ಳುತ್ತದೆ, ಅಷ್ಟೇ. ಗಾಡಿಯನ್ನು ತಿರುಗಿಸಿ ಕೊಡುವುದಿಲ್ಲ.

ಆಗುಂಬೆಯ 14 ಹೇರ್‌ಪಿನ್‌ಗಳಲ್ಲಿ ಬಸ್ಸು ಎದುರಾದಾಗಲೂ ಇದೇ ಕಥೆ. ಬಸ್ಸಿನ ಮುಖ ನೋಡಿದರೆ ಬಸ್ಸಿಗೇ ಹೋಗುತ್ತೀರಿ. ಬಸ್ಸಿನ ಪಕ್ಕ ಉಳಿದ ಜಾಗ ನೋಡಿ. ಜಾಗವೇ ಇಲ್ಲದಿದ್ದರೆ ತಿರುವಿನ ಮೊದಲೇ ನಿಂತು ಬಿಡಿ. ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಅನ್ನುವುದು ಕಾನೂನೂ ಹೌದು.

ಹಾವೇರಿಯಿಂದ:
ನಮ್ಮ ಕಡೆ ಘಾಟಿ ಇಲ್ಲ, ದನ ಇದೆ. ರಸ್ತೆ ದಾಟುವ ಎಮ್ಮೆಯ ಮುಖ ನೋಡಬೇಡಿ, ಬಾಲದ ಹಿಂದಿನ ಜಾಗ ನೋಡಿ. ಅದು ಮುಂದೆ ಹೋಗುತ್ತದೆ, ನೀವು ಹಿಂದಿನಿಂದ ಹೋಗಿ. ಗುಂಡಿಗೂ ಹಾಗೇನೇ. ಗುಂಡಿ ನೋಡಲೇಬೇಡಿ ಅಂತಲ್ಲ. ಒಮ್ಮೆ ನೋಡಿ ಬಿಟ್ಟುಬಿಡಿ, ಆಮೇಲೆ ಅದರ ಪಕ್ಕದ ಡಾಂಬರು ನೋಡಿ. ಕರು ಹಿಂದೆ ಇದ್ದರೆ ಮಾತ್ರ ನಿಲ್ಲಿಸುವುದೇ ಸರಿ. ಅದು ತಾಯಿ ಹಿಂದೆ ಯಾವಾಗ ಓಡುತ್ತದೆ ಅಂತ ಹೇಳಕ್ಕಾಗಲ್ಲ.

ಮಂಡ್ಯದಿಂದ:
ನಮ್ಮ ತಾತ ನೇಗಿಲು ಹಿಡಿಸಿದ ಮೊದಲ ದಿನ ಹೇಳಿದ್ದು: "ಎತ್ತಿನ ಕಾಲು ನೋಡಬೇಡ ಮಗ, ಆ ಕಡೆ ಬದು ಮೇಲಿನ ಹೊಂಗೆ ಮರ ನೋಡು." ನಾನು ಕಾಲನ್ನೇ ನೋಡಿದೆ. ಸಾಲು ಹಾವು ಹರಿದ ಹಾಗೆ ಬಂತು. ಬೈಕಿಗೆ ಬಂದಾಗ ಯಾರೂ ಹೊಸದಾಗಿ ಹೇಳಿಕೊಡಬೇಕಾಗಲಿಲ್ಲ.

ಹುಬ್ಬಳ್ಳಿಯಿಂದ:
ಅಭ್ಯಾಸ ಘಾಟಿಯಲ್ಲಿ ಬೇಡ್ರಿ, ಮೈದಾನದಲ್ಲಿ ಮಾಡಿ. ಡಿಎಲ್ ಟೆಸ್ಟಿಗೆ ಎಂಟು ಹಾಕಿದ್ದು ನೆನಪಿದೆಯಲ್ಲ? ಕಾಲು ಕೆಳಗಿಟ್ಟವರೆಲ್ಲ ಮುಂದಿನ ಚಕ್ರ ನೋಡಿದವರೇ. ಒಂದು ಹಳೇ ಚಪ್ಪಲಿ ಇಟ್ಟು 20ರ ವೇಗದಲ್ಲಿ ಅದರ ಕಡೆ ಹೋಗಿ. ಐದಾರು ಮೀಟರ್ ಇರುವಾಗ ಪಕ್ಕದ ಖಾಲಿ ನೆಲಕ್ಕೆ ತಲೆ ತಿರುಗಿಸಿ. ಇಟ್ಟಿಗೆ ಇಡಬೇಡಿ, ಯಾಕೆ ಅಂತ ನನ್ನ ಮೊಣಕಾಲು ಹೇಳುತ್ತದೆ.

ಕೇಳಿದವರು, ನಾಲ್ಕು ದಿನ ಬಿಟ್ಟು:
ಎರಡು ಸಂಜೆ ಮೈದಾನಕ್ಕೆ ಹೋಗಿದ್ದೆ. ಮೊದಲ ನಾಲ್ಕು ಸಲ ಚಪ್ಪಲಿ ಮೇಲೇ ಹತ್ತಿಸಿದೆ. ಕ್ರಿಕೆಟ್ ಆಡುತ್ತಿದ್ದ ಹುಡುಗರು ಸ್ಕೋರ್ ಹೇಳಲು ಶುರು ಮಾಡಿದರು. "ಗದ್ದ, ಗದ್ದ" ಅಂತ ಹೆಲ್ಮೆಟ್ ಒಳಗೆ ಬಾಯಿಬಿಟ್ಟು ಹೇಳಿಕೊಂಡು ಹೋದ ಮೇಲೆ ತಪ್ಪಿತು. ಹೇಳಿಕೊಂಡರೆ ಉಸಿರೂ ಬಿಡುತ್ತೇವೆ, ಕೈ ಸಡಿಲವಾಗುತ್ತದೆ, ಇದು ನನಗೆ ಸಿಕ್ಕ ಹೊಸ ವಿಷಯ. ಒಂದು ಅನುಮಾನ ಉಳಿದಿದೆ. ಹಿಂದೆ ಹೆಂಡತಿ ಕೂತರೆ ಅವಳು ಎಲ್ಲಿ ನೋಡಬೇಕು?

ಉಜಿರೆಯಿಂದ:
ಬಲ ತಿರುವಿಗೆ ನಿಮ್ಮ ಬಲ ಭುಜದ ಮೇಲಿಂದ, ಎಡ ತಿರುವಿಗೆ ಎಡ ಭುಜದ ಮೇಲಿಂದ ಮುಂದೆ ನೋಡಲಿ. ಹಾಗೆ ನೋಡಿದರೆ ಅವರ ಮೈಯೂ ಗಾಡಿ ಜೊತೆಗೇ ವಾಲುತ್ತದೆ. ನನ್ನ ಹೆಂಡತಿ ಮೊದಮೊದಲು ಹೆದರಿ ಎದುರು ಬದಿಗೆ ವಾಲುತ್ತಿದ್ದಳು. ಈಗ "ಗೋಡೆ ನೋಡಿದ್ರಲ್ಲ ಈಗ?" ಅಂತ ಹಿಂದಿನಿಂದಲೇ ಹಿಡಿಯುತ್ತಾಳೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬೆಳಿಗ್ಗೆ ಬೇಗ ಇಳಿಯಿರಿ, ಮಧ್ಯಾಹ್ನ ಬಸ್ಸು ಕಾರು ಜಾಸ್ತಿ.