ಪಿಎಚ್‌ಡಿಗೆ ವಾಚರ್‌ಗಳ ಒತ್ತಡವೋ, ಅಂಡಮಾನಿನ ಜಿಂಕೆಯೋ, ಹಳೇ ಮೂಳೆಯೋ? ಮಾಡಿದವರು ಅನುಭವ ಹೇಳಿ

ಗಿರಿಮಲ್ಲಿಗೆ, ಚಿಕ್ಕಮಗಳೂರು
ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿದಿದೆ. ನೆಟ್ ಅರ್ಹತಾ ಪರೀಕ್ಷೆ ಪಾಸಾಗಿದೆ, ಜೆಆರ್‌ಎಫ್ ಅನ್ನೋ ಸಂಶೋಧನಾ ವೇತನ ಸಿಕ್ಕಿಲ್ಲ. ಮೂವರು ಗೈಡ್‌ಗಳು ಒಪ್ಪಿದ್ದಾರೆ. ಒಬ್ಬರದು ಭದ್ರಾ ಕಾಡಿನ ವಾಚರ್‌ಗಳ ಕೆಲಸದ ಒತ್ತಡ. ಇನ್ನೊಬ್ಬರದು ಅಂಡಮಾನಿಗೆ ಹೊರಗಿನಿಂದ ತಂದುಬಿಟ್ಟ ಜಿಂಕೆ. ಮೂರನೆಯವರದು ಉತ್ಖನನದಲ್ಲಿ ಸಿಕ್ಕ ಪ್ರಾಣಿಗಳ ಮೂಳೆ ಎಲ್ಲಿ ಉಳಿಯುತ್ತದೆ, ಎಲ್ಲಿ ಕರಗುತ್ತದೆ ಅನ್ನೋದು. ಅಪ್ಪನಿಗೆ ಮೂಡಿಗೆರೆ ಹತ್ತಿರ ಎರಡು ಎಕರೆ ಕಾಫಿ, ಅಷ್ಟೇ. ಕೈಯಿಂದ ಎಷ್ಟು ಹೋಗುತ್ತದೆ, ಮನೆ ಬಿಟ್ಟು ಎಷ್ಟು ದಿನ ಇರಬೇಕು, ಇಷ್ಟು ಹೇಳಿದರೆ ಸಾಕು.

ಮೂಳೆ ಮೇಷ್ಟ್ರು, ಅರಸೀಕೆರೆ
ಮೂಳೆನೇ ತಗೊಳ್ಳಿ ಅನ್ನಲ್ಲ, ನನ್ನ ಕಥೆ ಕೇಳಿ. ಮೊದಲು ಮಲೆನಾಡಲ್ಲಿ ಮಾಡ್ತೀನಿ ಅನ್ನೋ ಆಸೆ ಬಿಡಿ. ಹುಳಿ ಮಣ್ಣು, ಮೇಲಿಂದ ಆ ಮಳೆ. ಮೂಳೆಯೊಳಗಿನ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿ ನೀರಿನ ಜೊತೆ ಹೋಗಿಬಿಡುತ್ತದೆ. ಕೈಗೆ ಸಿಗೋದು ಹಲ್ಲಿನ ಎನಾಮಲ್ಲು, ಇಲ್ಲವೇ ಸುಟ್ಟು ಬೆಳ್ಳಗಾದ ಚೂರು. ಬೂದಿದಿಬ್ಬಗಳ ಕಡೆ, ಅಂದ್ರೆ ನವಶಿಲಾಯುಗದ ಸುಟ್ಟ ಸಗಣಿಯ ಗುಡ್ಡೆಗಳ ಕಡೆ ಹೋದರೆ ಕಥೆಯೇ ಬೇರೆ. ಬೂದಿಹಾಳದಲ್ಲಿ ನವಶಿಲಾಯುಗದವರು ದನ ಕೊಯ್ದ ಜಾಗವೇ ಸಿಕ್ಕಿದೆ.

ಇನ್ನು ಖರ್ಚು. ನನ್ನ ಪಾಲಿಗೆ ಬಂದ ಪೆಟ್ಟಿಗೆಯ ಮೂಳೆಗಳಿಗೆ ಹಿಂದಿನವರು ಯಾರೋ ಪುಣ್ಯಾತ್ಮರು ಫೆವಿಕಾಲನ್ನು ನೀರಲ್ಲಿ ಕಲಸಿ ಬಳಿದಿದ್ದರು, ಪುಡಿಯಾಗಬಾರದು ಅಂತ. ಮೂಳೆಯ ಕಾಲ ಹೇಳೋದೇ ಅದರ ಇಂಗಾಲದಿಂದ, ಅಂಟಿನ ಇಂಗಾಲವೂ ಸೇರಿಕೊಂಡರೆ ಹೇಳೋದು ಹೇಗೆ? ತೊಳೆಯೋಕೆ ಅಸಿಟೋನು, ಮೆತ್ತನೆ ಬ್ರಷ್ಷು, ಜಿಪ್ ಕವರು, ಎರಡೂ ಕಡೆ ಕೊರಿಯರ್, ಎಲ್ಲ ನನ್ನ ಜೇಬಿಂದ. ಕೊನೆಗೆ ಲ್ಯಾಬಿನವರು ಕೊಲಾಜನ್ (ಮೂಳೆಯೊಳಗಿನ ಪ್ರೋಟೀನು) ಒಂದು ಪರ್ಸೆಂಟೂ ಇಲ್ಲ, ಡೇಟ್ ಕೊಡೋಕಾಗಲ್ಲ ಅಂದರು. ಪರೀಕ್ಷಿಸಿದ್ದಕ್ಕೆ ಬಿಲ್ಲು ಮಾತ್ರ ಬಂತು. ಕೊಲಾಜನ್ ಉಳಿದಿದೆಯಾ ಅಂತ ತಿಳಿಯೋಕೆ ಮೊದಲೇ ಸಾರಜನಕ ಎಷ್ಟಿದೆ ಅಂತ ಅಗ್ಗದಲ್ಲಿ ಪರೀಕ್ಷೆ ಮಾಡಿಸಬಹುದಿತ್ತು, ಗೈಡ್ ಬೇಡ ಅಂದರು. ಹೋಗ್ಲಿ ಬಿಡಿ.

ಆದರೂ ಖುಷಿ ಇದೆ ಕಣಮ್ಮ. ಭೂತಗನ್ನಡಿ ಇಟ್ಟು ನೋಡಿದರೆ ಚಾಕುವಿನ ಗೀರು ಸಣ್ಣಗೆ, ಆಳಕ್ಕೆ ಹೋಗ್ತಾ ಚೂಪಾಗುತ್ತದೆ. ಮುಳ್ಳುಹಂದಿ ಕಡಿದದ್ದು ಅಗಲ, ತಳ ಚಪ್ಪಟೆ, ಪಕ್ಕಪಕ್ಕ ಜೋಡಿ ಗೆರೆ. ಅದು ಮೂಳೆಗಳನ್ನು ಬಿಲಕ್ಕೆ ಹೊತ್ತುಕೊಂಡು ಹೋಗಿ ಕಡಿಯುತ್ತಾ ಕೂರುತ್ತದೆ. ಇದು ಗೊತ್ತಿಲ್ಲದವರು ಅದನ್ನೇ ಮನುಷ್ಯರು ಕೊಯ್ದದ್ದು ಅಂತ ಬರೆದುಬಿಡ್ತಾರೆ. ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ಕುದುರೆ ಮೂಳೆ ಗುರುತಿಸಿದ ಕೆ.ಆರ್. ಆಲೂರರು ಪಶುವೈದ್ಯರು. ಪ್ರಾಣಿಶಾಸ್ತ್ರದವರಿಗೆ ಇದು ನಮ್ಮದೇ ಜಾಗ. ಫಾರಂ ತುಂಬಿಸೋ ರಿಸರ್ಚ್ ಅಲ್ಲ.

ಲೈನ್‌ಮನೆ, ಸಕಲೇಶಪುರ
ಫಾರಂ ತುಂಬಿಸೋ ರಿಸರ್ಚ್ ಅಂದ್ರೆ ಏನು ಸಾರ್? ನಾನು ತೋಟದ ಕೆಲಸಗಾರರ ಮೇಲೆ ಮಾಡಿದೆ. 1981ರಲ್ಲಿ ಮ್ಯಾಸ್ಲಾಕ್ ಮತ್ತು ಜಾಕ್ಸನ್ ಮಾಡಿದ ಬರ್ನ್‌ಔಟ್ (ಕೆಲಸದಿಂದ ಬರೋ ದಣಿವು) ಅಳೆಯೋ ಪ್ರಶ್ನಾವಳಿಯೇ ಬೇಕು ಅಂತ ಗೈಡ್ ಹಟ. ಅದಕ್ಕೆ ಒಂದೊಂದು ಪ್ರತಿಗೂ ಡಾಲರ್‌ನಲ್ಲಿ ದುಡ್ಡು ಕಟ್ಟಬೇಕು. ನನ್ನ ಕಾರ್ಡಲ್ಲಿ ಹೋಗಲಿಲ್ಲ, ಭಾವನ ಕಾರ್ಡಲ್ಲಿ ಕಟ್ಟಿಸಿದೆ, ಅಕ್ಕ ಈಗಲೂ ಹಬ್ಬಕ್ಕೆ ಹೋದಾಗ ಅದನ್ನೇ ಎತ್ತುತ್ತಾಳೆ. ಉಟ್ರೆಕ್ಟ್‌ನವರ ಇನ್ನೊಂದು ಪ್ರಶ್ನಾವಳಿ ಸಂಶೋಧನೆಗೆ ಫ್ರೀ. ಆದರೆ ಅದು ಕೆಲಸದ ಉತ್ಸಾಹ ಅಳೆಯುತ್ತದೆ, ದಣಿವನ್ನಲ್ಲ. ಅಧ್ಯಯನಕ್ಕೆ ಒಪ್ಪಿಗೆ ಕೊಡೋ ಎಥಿಕ್ಸ್ ಕಮಿಟಿ ಕೂರೋದೇ ಅಪರೂಪ, ಕೂತಾಗ ಸಹಿ ಹಾಕೋರು ರಜೆ.

ಅದೆಲ್ಲ ಆಗಿ ತೋಟಕ್ಕೆ ಹೋದರೆ, ಫಾರಂ ಕಟ್ಟಿಗೆ ಕಟ್ಟು ಒಂದೇ ಸಾಲಿಗೆ ಟಿಕ್. ಎಲ್ಲರಿಗೂ ಎಲ್ಲ ಚೆನ್ನಾಗಿದೆ. ಯಾಕೆ ಅಂದ್ರೆ ಪಕ್ಕದಲ್ಲಿ ತೋಟದ ಲೆಕ್ಕ ಬರೆಯೋ ರೈಟರ್ ನಿಂತಿದ್ದ! ಅವನ ಎದುರಲ್ಲಿ ಮೈಕೈ ನೋವು ಅಂತ ಯಾರು ಹೇಳ್ತಾರೆ? ಆ ಕಟ್ಟೆಲ್ಲ ಒಲೆಗೆ. ಸಂಜೆ ಕೆಲಸಗಾರರು ಇರೋ ಲೈನ್ ಮನೆಗೇ ಹೋಗಿ ಕೂತೆ. ಅಲ್ಲಿ ಒಬ್ಬ ಅಮ್ಮ ತೂಕದ ಚೀಟಿಗಳನ್ನೆಲ್ಲ ಅಕ್ಕಿ ಡಬ್ಬಿಯಿಂದ ತೆಗೆದು ತೋರಿಸಿದರು, ಎಷ್ಟು ಕೊಯ್ದೆ, ಎಷ್ಟು ಬರೆದರು ಅಂತ. ಅದು ಯಾವ ಪ್ರಶ್ನಾವಳಿಯಲ್ಲೂ ಇಲ್ಲ. ಬರ್ನ್‌ಔಟ್ ಕಾಯಿಲೆ ಅಲ್ಲ, ಕೆಲಸದ ಜಾಗದಿಂದ ಬರೋ ಸ್ಥಿತಿ ಅಂತ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಸತ್ತ ದನದ ಮೂಳೆ ಎಣಿಸೋರಿಗೆ ಇದು ಹೇಗೆ ಗೊತ್ತಾಗಬೇಕು.

ಮೂಳೆ ಮೇಷ್ಟ್ರು, ಅರಸೀಕೆರೆ
ದನದ ಮೂಳೆ ಸುಳ್ಳು ಹೇಳಲ್ಲ ತಾಯಿ. ಪಕ್ಕದಲ್ಲಿ ಯಾವ ರೈಟರ್ ನಿಂತರೂ.

ಕಡಲಾಚೆ, ಹಾಸನ
ಇಬ್ಬರೂ ಸ್ವಲ್ಪ ಸುಮ್ನಿರಿ. ನಾನು ಅಂಡಮಾನಲ್ಲೇ ಇದ್ದವನು. ಬ್ರಿಟಿಷರು ಜಿಂಕೆ ತಂದು ಬಿಟ್ಟರು. ಅಲ್ಲಿ ಹುಲಿ ಇಲ್ಲ, ಚಿರತೆ ಇಲ್ಲ, ತಿನ್ನೋರೇ ಇಲ್ಲ. ಕಾಡಿನ ಸಸಿ ಮೇಲೆ ಬರೋಕೇ ಬಿಡಲ್ಲ. ಕೊಲ್ಲೋಣ ಅಂದ್ರೆ ಕಾನೂನಿನಲ್ಲಿ ಅದು ಸಂರಕ್ಷಿತ ಪ್ರಾಣಿ. ಇಂಗ್ಲೆಂಡಿನವರು ಹೊರಗಿನಿಂದ ಬಂದ ಕಾಯ್ಪು ಅನ್ನೋ, ಇಲಿ ಜಾತಿಯ ದೊಡ್ಡ ಪ್ರಾಣಿಯನ್ನು ಬೋನಿಟ್ಟು ಹಿಡಿದು 1989ರ ಹೊತ್ತಿಗೆ ಪೂರ್ತಿ ತೆಗೆದರು. ನಮ್ಮಲ್ಲಿ ಬರೀ ಎಣಿಸಬೇಕು.

ಖರ್ಚು ಕೇಳಿ. ಚೆನ್ನೈನಿಂದ ಹಡಗು, ವಾಂತಿ. ಜಿಂಕೆ ಎಣಿಸೋಕೆ ಕಾಡಲ್ಲಿ ಇಡೋ ಒಂದೊಂದು ಕ್ಯಾಮೆರಾಗೆ ಎಂಟು ಪೆನ್ಸಿಲ್ ಸೆಲ್ಲು, ಅಲ್ಲಿನ ಅಂಗಡಿಯಲ್ಲಿ ರೇಟು ಕೇಳಿದರೆ ತಲೆ ತಿರುಗುತ್ತದೆ. ಉಪ್ಪು ಗಾಳಿಗೆ ಸ್ಪ್ರಿಂಗ್ ತುಕ್ಕು, ಲೆನ್ಸ್ ಒಳಗೆ ಬೂಷ್ಟು. ತೇವ ಹೀರೋ ಸಿಲಿಕಾ ಜೆಲ್ ಹುರಿದು ಹುರಿದು ಮತ್ತೆ ಹಾಕಿದ್ದೇನೆ. ಜೆಆರ್‌ಎಫ್ 2023ರಿಂದ ತಿಂಗಳಿಗೆ 37,000 ಆಯ್ತು ಅಂತ ಎಲ್ಲರೂ ಅಭಿನಂದನೆ ಹೇಳಿದರು, ನನ್ನ ಅಕೌಂಟಿಗೆ ಬರೋ ಹೊತ್ತಿಗೆ ಸಾಲದ ಬಡ್ಡಿ ಬೆಳೆದಿತ್ತು.

ಏಲಕ್ಕಿ ಯಜಮಾನ, ಆಲೂರು
ಹೊರಗಿನ ಪ್ರಾಣಿ ನೋಡೋಕೆ ಅಂಡಮಾನ್ ಯಾಕೆ ಮಾರಾಯ್ರೆ? ನಮ್ಮ ತೋಟಕ್ಕೆ ಬನ್ನಿ. ಆನೆ ಬಂದು ಬಾಳೆ, ಬೈನೆ, ಪೈಪ್ ಲೈನ್ ಎಲ್ಲ ತುಳಿದು ಹೋಗಿದೆ. ಪರಿಹಾರಕ್ಕೆ ಅಲೆದು ಚಪ್ಪಲಿ ಸವೆಯಿತು.

ಕಡಲಾಚೆ, ಹಾಸನ
ಆನೆ ಇಲ್ಲಿನದೇ. ಹೊರಗಿನ ಆನೆ ಬೇಕಾದರೆ ಅದೂ ಅಂಡಮಾನಲ್ಲೇ ಇದೆ, ಇಂಟರ್‌ವ್ಯೂ ದ್ವೀಪದಲ್ಲಿ. ಮರದ ಕಂಪನಿಯವರು ದಿಮ್ಮಿ ಎಳೆಯೋಕೆ ತಂದು ಆಮೇಲೆ ಹಾಗೇ ಬಿಟ್ಟುಹೋದದ್ದು. ಹೊರಗಿನದು ಅಂದ್ರೆ ನಿಮ್ಮ ಕಾಫಿ. ಬಾಬಾ ಬುಡನ್ ಏಳು ಬೀಜ ತಂದ ಕಥೆ ಕೇಳಿಲ್ವಾ?

ಏಲಕ್ಕಿ ಯಜಮಾನ, ಆಲೂರು
ಕರ್ನಾಟಕದ ಆನೆ ಕಾರ್ಯಪಡೆಯ 2012ರ ವರದಿ ಓದಿದ್ದೀರಾ? ನಮ್ಮ ಭಾಗದಿಂದ ಆನೆ ತೆಗೆಯಬೇಕು ಅಂತ ಅದರಲ್ಲೇ ಇದೆ.

ಕಡಲಾಚೆ, ಹಾಸನ
ತೆಗೆಯಬೇಕು ಅಂದದ್ದು ಜನ ಸಾಯ್ತಿದ್ದಾರೆ ಅಂತ. ಹೊರಗಿನ ಪ್ರಾಣಿ ಅಂತ ಅಲ್ಲ.

ಲೈನ್‌ಮನೆ, ಸಕಲೇಶಪುರ
ಆ ಆನೆ ಮುಂದೆ ಪಟಾಕಿ ಹಿಡಿದು ನಿಲ್ಲೋರು ಯಾರು ಸ್ವಾಮಿ? ಗುತ್ತಿಗೆ ವಾಚರ್. ಅವನಿಗೆ ನಿದ್ದೆ ಬರುತ್ತಾ ಅಂತ ಇಲ್ಲಿ ಒಬ್ಬರಾದರೂ ಕೇಳಿದ್ರಾ?

ಗಿರಿಮಲ್ಲಿಗೆ, ಚಿಕ್ಕಮಗಳೂರು
ಎಲ್ಲರಿಗೂ ಥ್ಯಾಂಕ್ಸ್. ಮನೆಯಿಂದ ಓಡಾಡ್ಕೊಂಡು ಮಾಡಬಹುದಾ ಅನ್ನೋದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಮೂಳೆ ಮೇಷ್ಟ್ರು, ಅರಸೀಕೆರೆ
ಯುಜಿಸಿ ನಿಯಮದಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮನೆಯಲ್ಲಿ ಕೂತು ಯಾರೂ ಮೂರರಲ್ಲಿ ಮುಗಿಸಿಲ್ಲ.

ಲೈನ್‌ಮನೆ, ಸಕಲೇಶಪುರ
ನಾನು ದಿನಾ ಬಸ್ಸಲ್ಲಿ ಓಡಾಡ್ಕೊಂಡೇ ಮುಗಿಸಿದ್ದು. ತಮಗೆ ಆಗಲಿಲ್ಲ ಅಂತ ಎಲ್ಲರಿಗೂ ಆಗಲ್ಲ ಅನ್ನಬೇಡಿ.

ಏಲಕ್ಕಿ ಯಜಮಾನ, ಆಲೂರು
ಮೇಷ್ಟ್ರೇ, ನಮ್ಮ ತೋಟದ ಮೂಲೆಯಲ್ಲಿ ಪಾಂಡವರ ಗುಡಿ ಅನ್ನೋ ಕಲ್ಗೋರಿ ಒಂದಿದೆ. ಅಗೆದು ನೋಡಿಸ್ಲಾ?

ಮೂಳೆ ಮೇಷ್ಟ್ರು, ಅರಸೀಕೆರೆ
ಮುಟ್ಟಬೇಡಿ! ಪುರಾತತ್ವ ಇಲಾಖೆಗೆ ತಿಳಿಸಿ. ಅಗೆದರೂ ಮೂಳೆ ಉಳಿದಿರೋದು ಕಷ್ಟ, ಹುಳಿ ಮಣ್ಣು ಅಂತ ಮೇಲೆ ಅಷ್ಟುದ್ದ ಬರೆದಿದ್ದೀನಲ್ಲ. ಸಿಕ್ಕರೆ ಹೋದ ವರ್ಷ ಸತ್ತ ಹೆಗ್ಗಣದ್ದು ಸಿಗುತ್ತದೆ. ಅದಕ್ಕೆ ದಯವಿಟ್ಟು ಫೆವಿಕಾಲ್ ಬಳಿಯಬೇಡಿ.