ಬಯೋಮಾರ್ಕರ್: ‘ಸೂಚಕ’ ಒಂದೇ ಸಾಕೇ?

ಎಲ್ಲರಿಗೂ ನಮಸ್ಕಾರ.

ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಕಾಯಿಲೆಗಳಿರುವವರಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ‘ಕರುಳಿನ ಉರಿಯೂತ’ ಎಂದರೆ ಓದುವವರಿಗೆ ತಿಳಿಯುತ್ತದೆ, ಅದರಲ್ಲಿ ತಕರಾರಿಲ್ಲ. ತೊಡಕಿರುವುದು ಬಯೋಮಾರ್ಕರ್‌ನಲ್ಲಿ, ಅಂದರೆ ಮೈಯೊಳಗಿನ ಸ್ಥಿತಿಯನ್ನು ಪರೀಕ್ಷೆಯಲ್ಲಿ ತಿಳಿಸಿಕೊಡುವ ಗುರುತಿನಲ್ಲಿ. ‘ಜೈವಿಕ ಸೂಚಕ’ ಎಂದು ಬರೆಯುವ ರೂಢಿಯೇನೋ ಇದೆ, ಆದರೆ ಈ ಕಾಯಿಲೆಯಲ್ಲಿ ಅದು ಎಲ್ಲ ಕಡೆಗೂ ಒಗ್ಗುತ್ತಿಲ್ಲ.

ಮಲಪರೀಕ್ಷೆಯಲ್ಲಿ ಅಳೆಯುವ ಕ್ಯಾಲ್‌ಪ್ರೊಟೆಕ್ಟಿನ್ ತೆಗೆದುಕೊಳ್ಳಿ. ಕರುಳಿನ ಒಳಪದರ ಉರಿಯೂತಕ್ಕೆ ಸಿಕ್ಕಿದಾಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ. ಅವುಗಳೊಳಗಿನ ಈ ಪ್ರೋಟೀನ್ ಮಲಕ್ಕೆ ಸೇರುತ್ತದೆ. ದೊಡ್ಡವರಲ್ಲಿ ಒಂದು ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸಹಜವೆನ್ನುತ್ತಾರೆ. ಔಷಧಿ ಹಿಡಿದರೆ ಇಳಿಯುತ್ತದೆ, ಕಾಯಿಲೆ ಮರುಕಳಿಸಿದರೆ ಏರುತ್ತದೆ. ಇದಕ್ಕೆ ‘ಸೂಚಕ’ ಸರಿಯಾಗಿ ಕೂರುತ್ತದೆ.

ಜೀನ್‌ಗಳ ಮಾತು ಹಾಗಲ್ಲ. ಕ್ರೋನ್ಸ್‌ಗೂ ಎನ್‌ಒಡಿ2 ಜೀನ್‌ಗೂ ನಂಟಿದೆ ಎಂದು 2001ರಲ್ಲಿ ಗೊತ್ತಾಯಿತು. ಆ ಜೀನ್‌ನ ಬದಲಾವಣೆ ಹುಟ್ಟಿನಿಂದ ಕೊನೆಯವರೆಗೆ ಒಂದೇ ರೀತಿ ಇರುತ್ತದೆ. ಅದಿದ್ದವರಿಗೆಲ್ಲ ಕಾಯಿಲೆ ಬರುವುದೂ ಇಲ್ಲ. ಯುರೋಪಿನವರಲ್ಲಿ ಹೆಸರಾದ ಅದರ ಮೂರು ರೂಪಗಳು ಭಾರತೀಯರಲ್ಲಿ ಅಪರೂಪ. ನಮಗೆ ಹೆಚ್ಚು ಬೇಕಾದದ್ದು ಎನ್‌ಯುಡಿಟಿ15 ಎಂಬ ಇನ್ನೊಂದು ಜೀನ್. ಇದು ಕಾಯಿಲೆಯನ್ನು ತೋರಿಸುವುದೇ ಇಲ್ಲ. ಈ ಕಾಯಿಲೆಗೆ ಬಳಸುವ ಅಜಥಯೋಪ್ರಿನ್ ಮಾತ್ರೆ ಕೊಟ್ಟರೆ ಬಿಳಿ ರಕ್ತಕಣಗಳು ಅಪಾಯಕರವಾಗಿ ಕುಸಿಯುವ ಸಂಭವವಿದೆಯೇ ಎಂದಷ್ಟೇ ಹೇಳುತ್ತದೆ. ಈ ನಂಟನ್ನು 2014ರಲ್ಲಿ ಕೊರಿಯಾದ ರೋಗಿಗಳಲ್ಲಿ ಗುರುತಿಸಿದರು; ನಮ್ಮವರಲ್ಲೂ ಆ ಬದಲಾವಣೆ ಇದೆ.

ಇದಕ್ಕೆ ‘ವಂಶವಾಹಿ ಸೂಚಕ’ ಎಂದು ಬರೆದರೆ ತಾಯಂದಿರ ಎದೆ ಒಡೆಯುತ್ತದೆ. ‘ವಂಶ’ ಕಣ್ಣಿಗೆ ಬಿದ್ದೊಡನೆ “ನಮ್ಮ ಕಡೆಯಿಂದ ಬಂತೋ, ಅವರ ಕಡೆಯಿಂದಲೋ” ಎಂಬ ಮಾತು ಮನೆಯಲ್ಲಿ ಶುರುವಾಗುತ್ತದೆ. ಹಾಗಾಗಿ ‘ಜೀನ್ ಗುರುತು’ ಎನ್ನೋಣವೇ? ಅದಕ್ಕಿಂತ, ‘ಈ ಮಾತ್ರೆ ನಿಮ್ಮ ಮೈಗೆ ಆಗಿಬರುತ್ತದೆಯೇ ಎಂದು ನೋಡುವ ರಕ್ತಪರೀಕ್ಷೆ’ ಎಂದು ಬಿಡಿಸಿ ಬರೆಯುವುದೇ ನನಗೆ ಮೇಲೆನಿಸುತ್ತದೆ.

ಇನ್ನೊಂದು ತೊಡಕು: ‘ರೋಗನಿರೋಧಕ ಕೋಶಗಳ ಚಟುವಟಿಕೆ ಹೆಚ್ಚಾಗಿದೆ’ ಎಂಬ ವಾಕ್ಯ. ಕೊರೋನಾ ಕಾಲದಿಂದೀಚೆಗೆ ರೋಗನಿರೋಧಕ ಎಂದರೆ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಭಾವನೆ ಬೇರೂರಿದೆ. ಇಲ್ಲಿ ಆ ಹೆಚ್ಚಳವೇ ಕರುಳಿನ ಗೋಡೆಯನ್ನು ಹುಣ್ಣು ಮಾಡುತ್ತಿರುತ್ತದೆ. ಎಷ್ಟೋ ಔಷಧಿಗಳ ಕೆಲಸ ಅದನ್ನು ತಗ್ಗಿಸುವುದು. ‘ಕೋಶಗಳು ಕೆರಳಿವೆ’ ಎಂದರೆ ಅರ್ಥ ನೇರವಾಗಿ ತಲುಪುತ್ತದೆ. ಆದರೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂಬ ಬೇರೊಂದು ಕರುಳಿನ ತೊಂದರೆಗೆ ‘ಕೆರಳುವ ಕರುಳು’ ಎಂದು ಕೆಲವರು ಬಳಸುವುದರಿಂದ ಎರಡೂ ಒಂದೇ ಕಾಯಿಲೆ ಎಂದು ತಿಳಿದಾರೆಂಬ ಅಂಜಿಕೆ ನನಗೆ. ಐಬಿಎಸ್‌ನಲ್ಲಿ ಕರುಳಿಗೆ ಹುಣ್ಣಾಗುವುದಿಲ್ಲ, ಔಷಧಿಯೂ ಬೇರೆ.

‘ಕೆರಳು’ ಬಿಟ್ಟರೆ ‘ಮಿತಿಮೀರಿ ಕಾದಾಡುತ್ತಿವೆ’ ಎಂಬುದು ಹೊಳೆದಿದೆ, ತುಸು ಉದ್ದವಾಯಿತು. ಆಸ್ಪತ್ರೆ, ಲ್ಯಾಬುಗಳಲ್ಲಿ ರೋಗಿಗಳ ಜೊತೆ ದಿನವೂ ಕನ್ನಡದಲ್ಲಿ ಮಾತಾಡುವವರು ನಿಮ್ಮಲ್ಲಿದ್ದರೆ, ಬಯೋಮಾರ್ಕರ್, ರೋಗನಿರೋಧಕ ಕೋಶಗಳ ಚಟುವಟಿಕೆ ಈ ಎರಡಕ್ಕೂ ನಿಮ್ಮ ಬಾಯಲ್ಲಿ ಯಾವ ಮಾತು ಬರುತ್ತದೆ ಎಂದು ದಯವಿಟ್ಟು ತಿಳಿಸಿ. ಉತ್ತರ ಕರ್ನಾಟಕದ, ಕರಾವಳಿಯ ಬಳಕೆಗಳಿದ್ದರೆ ಅವನ್ನೂ ಬರೆಯಿರಿ.