ನಾಕು ತಿಂಗಳ ಕೂಸಿಗಿ ಜೇನು ನೆಕ್ಕಸಬಹುದೇನ್ರಿ?

ಶಹಾಪುರದಿಂದ: ಕೂಸಿಗಿ ನೆಗಡಿ ಆದಾಗೆಲ್ಲ ಬಜಿ ತೇಯ್ದು ಜೇನಿನಾಗ ಕಲಸಿ ನೆಕ್ಕಸು ಅಂತಾರ ಅತ್ತಿಯವರು. ಹೊಲದಾಗ ಬಿಡಿಸಿದ ಖರೆ ಜೇನು, ಕಲಬೆರಕಿ ಇಲ್ಲ. ಕಾಯಿಸಿ ಆರಿಸಿ ಕೊಟ್ರ ನಡೀತದೇನು? ನಿನ್ನೆ ಒಮ್ಮೆ ಬೆರಳಿಗಿ ಹಚ್ಚಿ ನೆಕ್ಕಿಸ್ಯಾರ.

ಕಲಬುರಗಿ, ಮಕ್ಕಳ ವಾರ್ಡಿನ ನರ್ಸ್: ಬ್ಯಾಡ್ರಿ. 12 ತಿಂಗಳು ತುಂಬೋತನ ಒಂದು ಹನಿನೂ ಬ್ಯಾಡ. ಮಣ್ಣು, ಧೂಳಿನಾಗ ಇರೋ ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಜೇನಿನಾಗೂ ಇರಬಹುದು. ದೊಡ್ಡವರ ಕರುಳಿನಾಗ ಒಳ್ಳೆ ಬ್ಯಾಕ್ಟೀರಿಯಾ ತುಂಬಿರ್ತಾವ, ಇದಕ್ಕ ಜಾಗ ಸಿಗಂಗಿಲ್ಲ. ಕೂಸಿನ ಕರುಳಿನಾಗ ಅದು ಮೊಳೆತು ವಿಷ ಮಾಡ್ತದ; ನರದ ಸಂದೇಶ ಸ್ನಾಯುವಿಗಿ ಮುಟ್ಟದಂಗ ಆ ವಿಷ ತಡೀತದ.

ನಿನ್ನೆ ನೆಕ್ಕಿಸಿದ್ದಕ್ಕ ಗಾಬರಿ ಆಗಬ್ಯಾಡ್ರಿ, ಬಹಳಷ್ಟು ಕೂಸುಗಳಿಗಿ ಏನೂ ಆಗಂಗಿಲ್ಲ. ವಾಂತಿ ಮಾತ್ರ ಮಾಡಸಬ್ಯಾಡ್ರಿ. ತಾರೀಖು ಬರೆದಿಟ್ಟು ಒಂದು ತಿಂಗಳು ಲಕ್ಷ್ಯ ಇಡ್ರಿ. ಹೆಚ್ಚಾಗಿ ಮೊದಲು ಬರೋದು ಮಲಬದ್ಧತೆ. ಆದ್ರ ಎದಿಹಾಲು ಕುಡಿಯೋ ಕೂಸು ನಾಕೈದು ದಿನ ಕಕ್ಕಸ ಮಾಡದೆನೂ ಆರಾಮ ಇರ್ತದ, ಅದೊಂದೇ ನೋಡಿ ಹೆದರಬ್ಯಾಡ್ರಿ. ಅದರ ಜೋಡಿ ಹಾಲು ಚೀಪೋ ಬಲ ಕಡಿಮಿ ಆದ್ರ, ಅಳು ಸಣ್ಣಗಾದ್ರ, ರೆಪ್ಪಿ ಅರ್ಧ ಮುಚ್ಚಿದಂಗಿದ್ರ, ಮುಂಚೆ ನಿಲ್ಲತಿದ್ದ ಕತ್ತು ವಾಲಿದ್ರ, ಆ ಹೊತ್ತಿಗೇ ದವಾಖಾನಿಗಿ ಹೋಗ್ರಿ. ಜ್ವರ ಇಲ್ಲಲ್ಲ ಅಂತ ಕೂಡಬ್ಯಾಡ್ರಿ, ಇದರಾಗ ಜ್ವರ ಸಾಮಾನ್ಯವಾಗಿ ಇರಂಗಿಲ್ಲ. ಉಸಿರಾಟಕ್ಕ ತ್ರಾಸ ಕಂಡ್ರ 108ಕ್ಕ ಫೋನ್ ಮಾಡ್ರಿ. ಜೇನು ಕೊಟ್ಟಿದ್ದು ಡಾಕ್ಟರಿಗಿ ತಪ್ಪದೆ ಹೇಳ್ರಿ, ಯಾಕಂದ್ರ ಜೆಂಟಾಮೈಸಿನ್ನಂಥ ಕೆಲವು ಇಂಜೆಕ್ಷನ್ ಈ ನಿಶ್ಶಕ್ತಿ ಹೆಚ್ಚು ಮಾಡ್ತಾವ.

ಬೀದರ್, ಜೇನು ಸಾಕಣೆದಾರ: ಖರೆ ಜೇನು, ಕಲಬೆರಕಿ ಜೇನು ಅನ್ನೋ ಲೆಕ್ಕ ಇಲ್ಲಿ ಬರಂಗಿಲ್ರಿ. ಜೇನಿನಾಗ ನೀರು ಸುಮಾರು 20 ಪರ್ಸೆಂಟಿಗಿಂತ ಕಡಿಮಿ, ಬೀಜಕಣ ಅಲ್ಲಿ ಬೆಳೆಯಂಗಿಲ್ಲ. ಹಂಗಂತ ಸಾಯಂಗೂ ಇಲ್ಲ. ಅದು ಸಾಯಬೇಕಂದ್ರ ಒತ್ತಡದಾಗ 121 ಡಿಗ್ರಿ ಕಾವು ಬೇಕು. ಮನ್ಯಾಗ ಕುದಿಸಿದ್ರ ಅದು ಸಿಗಂಗಿಲ್ಲ. ಕುಕ್ಕರಿನಾಗ ಇಟ್ರೂ ನಡುತನ ಕಾವು ಮುಟ್ಟಿತು ಅನ್ನೋ ಖಾತ್ರಿ ಇಲ್ಲ. ಅಂಗಡಿ ಬಾಟ್ಲಿ ಜೇನಿಗೂ ಇದೇ ಮಾತು. ಜೇನು ಹಾಕಿದ ಬಿಸ್ಕೀಟು, ಸಿರಿಯಲ್ ಡಬ್ಬಿ ಮ್ಯಾಲಿನ ಪಟ್ಟಿ ಓದ್ರಿ.

ಯಾದಗಿರಿ, ಆಶಾ ಕಾರ್ಯಕರ್ತೆ: ಬಜಿನೂ ಬ್ಯಾಡ್ರಿ ತಂಗಿ, ತೇಯೋ ಕಲ್ಲು, ಬೇರಿನ ಮಣ್ಣು ಎರಡೂ ಕೂಸಿನ ಬಾಯಿಗೇ ಹೋಗ್ತಾವ. ಆರು ತಿಂಗಳತನ ಎದಿಹಾಲು ಬಿಟ್ಟು ನೀರೂ ಬ್ಯಾಡ, ನಮ್ಮ ಬ್ಯಾಸಗಿದಾಗೂ. ನೆಗಡಿಗಿ ಔಷಧಿ ಅಂಗಡ್ಯಾಗ ಸಿಗೋ ಸಲೈನ್ ಡ್ರಾಪ್ಸ್ ಹಾಲು ಕುಡಸೋಕಿಂತ ಮೊದಲು ಮೂಗಿನ ಒಂದೊಂದು ಸೊಳ್ಳಿಗಿ ಎರಡು ಹನಿ ಹಾಕ್ರಿ. ಕೂಸು ಮಲಗಿದ್ದಾಗ ಹೊಟ್ಟಿ ನೋಡಿ ಪೂರಾ ಒಂದು ನಿಮಿಷ ಉಸಿರು ಎಣಿಸ್ರಿ. 50 ಅಥವಾ ಹೆಚ್ಚಿದ್ರ ತಡ ಮಾಡದೆ ತೋರಸ್ರಿ. ಅತ್ತಿಯವರ ಜೋಡಿ ಜಗಳ ಬ್ಯಾಡ. ಶಾಸ್ತ್ರ ಆಗಬೇಕಂದ್ರ ಜೇನು ನಿಮ್ಮ ನಾಲಿಗಿಗಿ ಹಚ್ಚಲಿ, ಕೂಸಿಗಿ ಬೆಳ್ಳಿ ಬಟ್ಟಲದಾಗ ನಿಮ್ಮ ಹಾಲೇ ಕೊಡಲಿ.

ಶಹಾಪುರದಿಂದ: ಹಂಗಾದ್ರ ನಾ ಜೇನು ತಿಂದ್ರ ಹಾಲಿನಾಗ ಹೋಗಂಗಿಲ್ಲೇನ್ರಿ?

ಕಲಬುರಗಿ, ಮಕ್ಕಳ ವಾರ್ಡಿನ ನರ್ಸ್: ಇಲ್ರಿ, ಬೀಜಕಣ ಎದಿಹಾಲಿಗಿ ಇಳಿಯಂಗಿಲ್ಲ. ನೀವು ತಿನ್ರಿ, ಕೈ ತೊಳಕೊಂಡು ಕೂಸಿನ ಮುಟ್ರಿ. ವರ್ಷ ತುಂಬಿದ ಮ್ಯಾಲ ಕೆಮ್ಮಿಗಿ ಮಲಗೋ ಮುಂದ ಅರ್ಧ ಚಮಚ ಜೇನು ಕೊಡಬಹುದು.